ಸ್ಪ್ಯಾನಿಷ್ ಪದದ ಊರು ಯಾವುದು? ಇಂಗ್ಲಿಷಿಗೆ ತರುವ ಮುನ್ನ ಕೇಳಿಕೊಳ್ಳಿ

ಈ ಸಾಲು ನೋಡಿ: 'ತ್ರಾಸ್ ಲಾ ರೆಕೊನ್ಬೆರ್ಸಿಯೋನ್, ಲಾ ಕೊಮಾರ್ಕಾ ಸೆ ಬಾಸಿಯೋ.' ಸ್ಪೇನಿನ ಪತ್ರಿಕೆಗಳಲ್ಲಿ ಕಾಣಸಿಗುವಂಥ ಮಾತು. ವ್ಯಾಕರಣದಲ್ಲಿ ತೊಡಕೇನಿಲ್ಲ. ಆದರೆ ನಿಘಂಟು ಹಿಡಿದು ಇಂಗ್ಲಿಷಿಗೆ ಇಳಿಸಿದರೆ 'ರೀಕನ್ವರ್ಷನ್ ಆದ ಮೇಲೆ ರೀಜನ್ ಖಾಲಿಯಾಯಿತು' ಎಂಬಂಥದ್ದು ಸಿಗುತ್ತದೆ. ಯಾವ ರೀಕನ್ವರ್ಷನ್? ಯಾವ ರೀಜನ್? ಓದುವವರಿಗೆ ಏನೂ ತಿಳಿಯುವುದಿಲ್ಲ.

ಸ್ಪ್ಯಾನಿಷ್ ಕಲಿತು ಅನುವಾದದ ಕೆಲಸ ಹಿಡಿದವರಿಗೆ ಪ್ರಾದೇಶಿಕತೆ ಮತ್ತು ಆರ್ಥಿಕ ಬದಲಾವಣೆಯ ಬರಹಗಳಲ್ಲೇ ಇಂಥ ಕಷ್ಟ ಜಾಸ್ತಿ. ಈ ಪದಗಳಿಗೆಲ್ಲ ಒಂದು ಊರು ಇರುತ್ತದೆ, ಒಂದು ಇಸವಿ ಇರುತ್ತದೆ, ಹೇಳಿದವರೊಬ್ಬರು ಇರುತ್ತಾರೆ. ಆ ಮೂರನ್ನು ಹುಡುಕಿದ ಮೇಲೆ ಇಂಗ್ಲಿಷ್ ಪದ ಹುಡುಕಿ. ಹೇಗೆ ಅನ್ನುವುದನ್ನು ಒಂದೊಂದಾಗಿ ನೋಡೋಣ. (ಸ್ಪ್ಯಾನಿಷ್ ಪದಗಳನ್ನು ಲ್ಯಾಟಿನ್ ಅಮೆರಿಕದ ಉಚ್ಚಾರದಂತೆ ಬರೆದಿದ್ದೇನೆ.)

ಹೆಜ್ಜೆ 1: ಯಾವ ದೇಶದ ಬರಹ?

ಸ್ಪ್ಯಾನಿಷ್ ಇಪ್ಪತ್ತು ದೇಶಗಳ ಭಾಷೆ. ಹಾಗಾಗಿ ಮೊದಲು ದೇಶ ಖಚಿತ ಮಾಡಿಕೊಳ್ಳಿ. 'ದೆಸಾರ್ರೊಯಿಸ್ಮೊ' ಎಂಬ ಪದ ತೆಗೆದುಕೊಳ್ಳಿ. 'ದೆಸಾರ್ರೊಯೊ' ಅಂದರೆ ಅಭಿವೃದ್ಧಿ. ಅರ್ಜೆಂಟೀನಾದ ಬರಹದಲ್ಲಿ ಇದು 1958ರಿಂದ 1962ರವರೆಗೆ ಅಧ್ಯಕ್ಷರಾಗಿದ್ದ ಅರ್ತೂರೊ ಫ್ರೊಂದೀಸಿ ಅವರ ಕಾಲದ ಆರ್ಥಿಕ ನೀತಿಯ ಹೆಸರು. ದೇಶದೊಳಗೇ ಕೈಗಾರಿಕೆ ಬೆಳೆಸಬೇಕು ಎಂಬ ವಿಚಾರ ಅದು. ಅಲ್ಲಿ 'ಡೆವಲಪ್‌ಮೆಂಟಲಿಸಂ' ಎಂದು ಬರೆದರೆ ಸರಿ. ಅದೇ ಪದ ಸ್ಪೇನಿನ ಬರಹದಲ್ಲಿ ಬಂದರೆ ಕಥೆಯೇ ಬೇರೆ. 1959ರ ಸ್ಥಿರೀಕರಣ ಯೋಜನೆಯ ನಂತರ ಸರ್ವಾಧಿಕಾರಿ ಫ್ರಾಂಕೊ ಆಡಳಿತದಲ್ಲಿ ಬಂದ ಭರಾಟೆಯ ಬೆಳವಣಿಗೆ ಅದು. ಆಂದಲೂಸಿಯಾ, ಎಸ್ತ್ರೆಮಾದೂರಾದ ಹಳ್ಳಿಗರು ಬಾರ್ಸಿಲೋನಾ, ಮ್ಯಾಡ್ರಿಡ್, ಬಿಲ್ಬಾವೊಗಳಿಗೆ ಗುಳೆ ಹೋದರು. ಕಡಲ ತೀರದುದ್ದಕ್ಕೂ ಕಾಂಕ್ರೀಟ್ ಕಟ್ಟಡ ಎದ್ದವು. ಆ ಪದವನ್ನು ಇವತ್ತು ಬಳಸುವಾಗ ಅದರಲ್ಲಿ ಸಾಮಾನ್ಯವಾಗಿ ಬೇಸರ ಇರುತ್ತದೆ. ಅಲ್ಲಿ 'ಫ್ರಾಂಕೊ ಕಾಲದ ಬೆಳವಣಿಗೆಯ ಹುಚ್ಚು' ಎಂಬ ಭಾವ ಇಂಗ್ಲಿಷಿನಲ್ಲೂ ಬರಬೇಕು.

ಅರ್ಜೆಂಟೀನಾದ 'ಎಲ್ ಇಂತೆರಿಯೋರ್' ಕೂಡ ಹೀಗೇ. ಅದು ಒಳನಾಡು ಅಲ್ಲ. ರಾಜಧಾನಿ ಬ್ಯೂನಸ್ ಐರಿಸ್ ಬಿಟ್ಟು ಉಳಿದ ದೇಶ. ಸಮುದ್ರದ ದಂಡೆಯ ಊರು ಕೂಡ 'ಇಂತೆರಿಯೋರ್' ಆಗಬಹುದು! ಇಂಗ್ಲಿಷಿನಲ್ಲಿ 'ದಿ ಪ್ರಾವಿನ್ಸಸ್' ಎಂದರೆ ಹೊಂದುತ್ತದೆ. ಇನ್ನು 'ಪಾರೊ' ಸ್ಪೇನಿನಲ್ಲಿ ನಿರುದ್ಯೋಗ, ಕೊಲಂಬಿಯಾದಲ್ಲಿ ಮುಷ್ಕರ. ಇಲ್ಲಿ ಎಡವಿದರೆ ಸುದ್ದಿಯೇ ತಿರುಗಿಬಿಡುತ್ತದೆ.

ಹೆಜ್ಜೆ 2: ಯಾವ ಇಸವಿ?

ಈಗ ನಮ್ಮ ಸಾಲಿಗೆ ಬನ್ನಿ. ಸ್ಪೇನಿನಲ್ಲಿ 'ರೆಕೊನ್ಬೆರ್ಸಿಯೋನ್' ಅಂದ ಕೂಡಲೇ ನಡುವಯಸ್ಸು ದಾಟಿದವರಿಗೆ 1980ರ ದಶಕ ನೆನಪಾಗುತ್ತದೆ. ಉಕ್ಕು, ಹಡಗು ಕಟ್ಟುವ ಕೆಲಸ, ಗಣಿ ನಷ್ಟದಲ್ಲಿದ್ದವು. ಯುರೋಪಿನ ಒಕ್ಕೂಟ ಸೇರುವ ತಯಾರಿ ನಡೆದಿತ್ತು. ಸರ್ಕಾರ ಅವುಗಳನ್ನು 'ಮರುಪರಿವರ್ತನೆ' ಮಾಡಲು ಹೊರಟಿತು. 1984ರಲ್ಲಿ ಅದಕ್ಕೆಂದೇ ಕಾನೂನು ಬಂತು. ವೆಲೆನ್ಸಿಯಾ ಹತ್ತಿರದ ಸಗುಂತೊದಲ್ಲಿ ಕಾರ್ಮಿಕರು ತಿಂಗಳುಗಟ್ಟಲೆ ಹೋರಾಡಿದರು. ಅದೇ ವರ್ಷ ಅಲ್ಲಿನ ಉಕ್ಕಿನ ಕಾರ್ಖಾನೆಯ ಬ್ಲಾಸ್ಟ್ ಫರ್ನೇಸ್, ಅಂದರೆ ಅದಿರು ಕರಗಿಸುವ ಕುಲುಮೆ, ಮುಚ್ಚಿತು. ಬಿಲ್ಬಾವೊ ಪಕ್ಕದ ದೊಡ್ಡ ಉಕ್ಕಿನ ಕಾರ್ಖಾನೆ 1996ರಲ್ಲಿ ಮುಚ್ಚಿತು.

ಕಾಗದದ ಮೇಲೆ 'ಪರಿವರ್ತನೆ', ಮನೆಯಲ್ಲಿ ಕೆಲಸ ಹೋದದ್ದು. ಎರಡೂ ಒಂದೇ ಪದದಲ್ಲಿವೆ. ಇಂಗ್ಲಿಷಿನಲ್ಲಿ 'ಇಂಡಸ್ಟ್ರಿಯಲ್ ರೀಸ್ಟ್ರಕ್ಚರಿಂಗ್' ಎಂಬುದು ರೂಢಿಯ ಪದ. ಸರ್ಕಾರಿ ವರದಿಗೆ ಅಷ್ಟು ಸಾಕು. ಆದರೆ ಕೆಲಸ ಕಳೆದುಕೊಂಡವರ ಮಾತಾಗಿದ್ದರೆ ಪಕ್ಕದಲ್ಲಿ 'ಕ್ಲೋಷರ್ಸ್' ಎಂಬ ಪದ ಸೇರಿಸಲೇಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸೇರಿಸದಿದ್ದರೆ ಅವರ ನೋವನ್ನು ನಾವೇ ಒರೆಸಿ ಹಾಕಿದಂತೆ.

ಹತ್ತೊಂಬತ್ತನೇ ಶತಮಾನದ ಬರಹವಾದರೆ 'ದೆಸಾಮೊರ್ತಿಸಾಸಿಯೋನ್' ಎದುರಾಗುತ್ತದೆ. ಮಠ, ಚರ್ಚು, ಆಮೇಲೆ ಊರೊಟ್ಟಿನ ಭೂಮಿಯನ್ನೂ ಸರ್ಕಾರ ವಶಕ್ಕೆ ತೆಗೆದುಕೊಂಡು ಹರಾಜು ಹಾಕಿದ್ದು ಅದು. 1836 ಮತ್ತು 1855 ಅದರ ಮುಖ್ಯ ವರ್ಷಗಳು. ಇಂಗ್ಲಿಷಿನಲ್ಲಿ 'ಡಿಸ್‌ಎಂಟೇಲ್‌ಮೆಂಟ್' ಎನ್ನುತ್ತಾರೆ. ಅದು ಇಂಗ್ಲಿಷರಿಗೂ ಅಪರೂಪದ ಪದ, ಹಾಗಾಗಿ ಮೊದಲ ಸಲ ಅರ್ಧ ಸಾಲಿನ ವಿವರಣೆ ಕೊಡಿ.

ಹೆಜ್ಜೆ 3: ಕಾನೂನಿನ ಪದವೋ, ಜನರ ಮಾತೋ?

ಜಾಸ್ತಿ ಹೊತ್ತು ಹಿಡಿಯುವುದು ಈ ಹೆಜ್ಜೆ. ಸ್ಪೇನಿನ 1978ರ ಸಂವಿಧಾನದ 2ನೇ ವಿಧಿಯಲ್ಲಿ 'ನಾಸಿಯೊನಾಲಿದಾದೆಸ್ ಇ ರೆಹಿಯೋನೆಸ್' ಎಂಬ ಜೋಡಿ ಇದೆ. ರೆಹಿಯೋನ್ ಅಂದರೆ ಪ್ರದೇಶ. ಇನ್ನೊಂದು ಪದ ಕ್ಯಾಟಲೋನಿಯಾ, ಬಾಸ್ಕ್ ನಾಡಿನಂಥವುಗಳನ್ನು ಮನಸ್ಸಿನಲ್ಲಿಟ್ಟು ಹಾಕಿದ್ದು. 'ರಾಷ್ಟ್ರ' ಎಂದರೆ ಮ್ಯಾಡ್ರಿಡ್ ಒಪ್ಪದು, 'ಪ್ರದೇಶ' ಎಂದರೆ ಅವರು ಒಪ್ಪರು. ನಡುವೆ ಹುಟ್ಟಿದ ರಾಜಿಯ ಪದ ಇದು. ಇಂಗ್ಲಿಷಿನ 'ನ್ಯಾಷನಾಲಿಟಿ' ಪಾಸ್‌ಪೋರ್ಟಿನ ನೆನಪು ತರುತ್ತದೆ, ಅಲ್ವಾ? ಆದರೂ ಸಂವಿಧಾನವನ್ನು ಅನುವಾದಿಸುವಾಗ 'ನ್ಯಾಷನಾಲಿಟೀಸ್' ಎಂದೇ ಇಡಬೇಕು. ರಾಜಿಯ ಪದವನ್ನು ನಾವು ಬಿಡಿಸಿ ಒಂದು ಕಡೆಗೆ ವಾಲಿಸಬಾರದು.

ಆ ಸಂವಿಧಾನದಿಂದ ಬಂದ 17 ಸ್ವಾಯತ್ತ ಸಮುದಾಯಗಳನ್ನು ಜನ ಚಿಕ್ಕದಾಗಿ 'ಔತೊನೊಮಿಯಾಸ್' ಎನ್ನುತ್ತಾರೆ. ಆಗ ಅದು ಸ್ವಾಯತ್ತತೆ ಎಂಬ ಗುಣ ಅಲ್ಲ, ನಕ್ಷೆಯಲ್ಲಿ ಬೆರಳಿಟ್ಟು ತೋರಿಸುವ ಜಾಗ. 'ಎಲೆಕ್ಸಿಯೋನೆಸ್ ಔತೊನೋಮಿಕಾಸ್' ಎಂಬುದನ್ನು 'ಅಟಾನಮಸ್ ಎಲೆಕ್ಷನ್ಸ್' ಎಂದು ಬರೆದರೆ ಚುನಾವಣೆಯೇ ಸ್ವಾಯತ್ತವಾಗುತ್ತದೆ. 'ರೀಜನಲ್ ಎಲೆಕ್ಷನ್ಸ್' ಸರಿ. ಬಾಸ್ಕ್ ಅಥವಾ ಕ್ಯಾಟಲನ್ ಚುನಾವಣೆಯಾದರೆ ಆ ನಾಡಿನ ಹೆಸರನ್ನೇ ಹಾಕಿ. 'ರೀಜನಲ್' ಎಂದರೆ ಮುನಿಸಿಕೊಳ್ಳುವವರು ಅಲ್ಲಿದ್ದಾರೆ, ಅವರ ಮುನಿಸಿಗೆ ಕಾರಣವೂ ಇದೆ.

'ಕೊನ್ಸಿಯೆರ್ತೊ ಎಕೊನೋಮಿಕೊ' ಹೊಸಬರನ್ನು ತಪ್ಪದೆ ಎಡವಿಸುತ್ತದೆ. ಕೊನ್ಸಿಯೆರ್ತೊ ಅಂದರೆ ಸಂಗೀತ ಕಚೇರಿಯೂ ಹೌದು, ಒಪ್ಪಂದವೂ ಹೌದು. ಇಲ್ಲಿ ಒಪ್ಪಂದ. ಬಾಸ್ಕ್ ನಾಡಿನ ಮೂರು ಪ್ರಾಂತ್ಯಗಳು ಬಹುತೇಕ ಎಲ್ಲ ತೆರಿಗೆಯನ್ನು ತಾವೇ ವಸೂಲಿ ಮಾಡುತ್ತವೆ. ಸೈನ್ಯ, ವಿದೇಶಾಂಗದಂಥ ಕೇಂದ್ರದ ಖರ್ಚಿಗೆ ಒಂದು ಪಾಲು ಮ್ಯಾಡ್ರಿಡ್‌ಗೆ ಕಳಿಸುತ್ತವೆ. ಆ ಪಾಲಿನ ಹೆಸರು 'ಕೂಪೊ'. ನಮಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ನಮ್ಮಲ್ಲಿ ಕೇಂದ್ರ ಸಂಗ್ರಹಿಸಿ ರಾಜ್ಯಕ್ಕೆ ಹಂಚುತ್ತದೆ, ಕರ್ನಾಟಕಕ್ಕೆ ಎಷ್ಟು ಬಂತು ಎಂದು ಜಗಳ ನಡೆಯುತ್ತದೆ. ಅಲ್ಲಿ ದುಡ್ಡು ಹರಿಯುವ ದಿಕ್ಕೇ ಉಲ್ಟಾ. ಈ ಏರ್ಪಾಡು 1878ರಲ್ಲಿ ಶುರುವಾಯಿತು. 1937ರಲ್ಲಿ ಫ್ರಾಂಕೊ ಎರಡು ಪ್ರಾಂತ್ಯಗಳಿಂದ ಅದನ್ನು ಕಿತ್ತುಕೊಂಡರು. 1981ರಲ್ಲಿ ಮರಳಿ ಬಂತು. ಇಂಗ್ಲಿಷಿನಲ್ಲಿ 'ಎಕನಾಮಿಕ್ ಅಗ್ರಿಮೆಂಟ್' ಎಂದು ದೊಡ್ಡ ಅಕ್ಷರಗಳಲ್ಲಿ ಬರೆದು, ಮೂಲ ಪದವನ್ನು ಒಮ್ಮೆ ಪಕ್ಕದಲ್ಲಿಡಿ. ಕೂಪೊವನ್ನು 'ಕೋಟಾ' ಎಂದು ಮಾತ್ರ ಬರೆದರೆ ನಮ್ಮ ಓದುಗರಿಗೆ ಮೀಸಲಾತಿ ನೆನಪಾದೀತು. ಅದಕ್ಕೇ ಮೊದಲ ಸಲ 'ಕೇಂದ್ರಕ್ಕೆ ಕೊಡುವ ವಾರ್ಷಿಕ ಪಾವತಿ' ಎಂದು ಬಿಡಿಸಿ ಹೇಳುವುದು ಒಳ್ಳೆಯದು.

ನಮ್ಮ ಸಾಲಿನ 'ಕೊಮಾರ್ಕಾ' ಕೂಡ ಇಲ್ಲೇ ಬರುತ್ತದೆ. ಕ್ಯಾಟಲೋನಿಯಾ, ಅರಗಾನ್‌ಗಳಲ್ಲಿ ಅದಕ್ಕೆ ಕಾನೂನಿನ ಸ್ಥಾನ ಇದೆ. ಬೇರೆ ಹಲವೆಡೆ ಜನರ ಬಾಯಲ್ಲಿ ಮಾತ್ರ. ಒಂದೇ ಬಗೆಯ ಮಣ್ಣು, ಒಂದೇ ಸಂತೆ, ಒಂದೇ ಥರದ ಮಾತು ಇರುವ ಹತ್ತಾರು ಊರುಗಳ ಗುಂಪು ಅದು. ಕನ್ನಡದಲ್ಲಿ ನಾವು 'ಸೀಮೆ' ಎನ್ನುತ್ತೇವಲ್ಲ, ಅದೇ. 'ಡಿಸ್ಟ್ರಿಕ್ಟ್' ಎಂದರೆ ಭಾರತದ ಓದುಗರು ಜಿಲ್ಲೆ ಎಂದುಕೊಳ್ಳುತ್ತಾರೆ. 'ಕೌಂಟಿ' ಎಂದರೆ ಇಂಗ್ಲೆಂಡಿನವರು ಬೇರೇನೋ ಕಲ್ಪಿಸಿಕೊಳ್ಳುತ್ತಾರೆ. ನಾನು ಸಾಮಾನ್ಯವಾಗಿ 'ಏರಿಯಾ' ಎಂದು ಬರೆದು ಮುಂದೆ ಆ ಸೀಮೆಯ ಹೆಸರು ಹಾಕುತ್ತೇನೆ.

ಹೆಜ್ಜೆ 4: ಹೇಳುತ್ತಿರುವವರು ಯಾರು?

ಸ್ಪೇನಿನ ಒಳನಾಡಿನಲ್ಲಿ ಸೋರಿಯಾ ಎಂಬ ಪ್ರಾಂತ್ಯ ಇದೆ. ಅಲ್ಲಿ ಒಂದು ಚದರ ಕಿಲೋಮೀಟರಿಗೆ ಹತ್ತು ಜನರೂ ಇಲ್ಲ. ಇಂಥ ಜಾಗಗಳನ್ನು 'ಎಸ್ಪಾನ್ಯಾ ಬಾಸೀಯಾ' ಎನ್ನುತ್ತಾರೆ, ಖಾಲಿ ಸ್ಪೇನ್. ಅಲ್ಲಿನ ಜನರೇ ಹೋರಾಟಕ್ಕೆ ಇಳಿದಾಗ ಒಂದು ಅಕ್ಷರ ಸೇರಿಸಿದರು: 'ಎಸ್ಪಾನ್ಯಾ ಬಾಸಿಯಾದಾ'. 2019ರ ಮಾರ್ಚ್ 31ರಂದು ಈ ಹೆಸರು ಹೊತ್ತು ಮ್ಯಾಡ್ರಿಡ್‌ನಲ್ಲಿ ದೊಡ್ಡ ಮೆರವಣಿಗೆ ನಡೆಸಿದರು. ಅದೇ ವರ್ಷದ ನವೆಂಬರಿನಲ್ಲಿ ಅರಗಾನ್‌ನ ತೆರುಯೆಲ್ ಪ್ರಾಂತ್ಯದ 'ತೆರುಯೆಲ್ ಎಕ್ಸಿಸ್ತೆ', ಅಂದರೆ 'ತೆರುಯೆಲ್ ಇದೆ' ಎಂಬ ಸಂಘಟನೆ ಸಂಸತ್ತಿನ ಕೆಳಮನೆಗೆ ಒಬ್ಬರನ್ನು ಗೆಲ್ಲಿಸಿ ಕಳಿಸಿತು.

ಆ ಒಂದು ಅಕ್ಷರದಿಂದ ಏನಾಯಿತು? ಕನ್ನಡದಲ್ಲಿ ಹೇಳಿ ನೋಡಿ. ಬಾಸೀಯಾ ಅಂದರೆ 'ಖಾಲಿ'. ಬಾಸಿಯಾದಾ ಅಂದರೆ 'ಖಾಲಿ ಮಾಡಿದ'. ಮಾಡಿದ ಎಂದ ಕೂಡಲೇ ಮಾಡಿದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ರೈಲು ನಿಲ್ಲಿಸಿದವರು, ಆಸ್ಪತ್ರೆ ದೂರ ಮಾಡಿದವರು ಯಾರು? ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ 'ಎಂಪ್ಟಿ ಸ್ಪೇನ್', ಎರಡನೆಯದಕ್ಕೆ 'ಎಂಪ್ಟೀಡ್ ಸ್ಪೇನ್'. ಎರಡನೆಯದು ಕಿವಿಗೆ ಸ್ವಲ್ಪ ಒರಟು. 'ಹಾಲೋಡ್-ಔಟ್' ಹೆಚ್ಚು ಸೊಗಸು. ಆದರೂ ನಾನು ಒರಟು ರೂಪವನ್ನೇ ಉಳಿಸುತ್ತೇನೆ, ಏಕೆಂದರೆ ಅವರ ದೂರು ಇರುವುದು ಆ ಪ್ರತ್ಯಯದಲ್ಲೇ.

ಕಷ್ಟದ ಪದ ಬಂದಾಗಲೆಲ್ಲ ಹೀಗೆ ಮೊದಲು ಕನ್ನಡದಲ್ಲಿ ಹೇಳಿಕೊಂಡು ನೋಡುವುದು ನನ್ನ ಅಭ್ಯಾಸ. 'ಪಾತ್ರಿಯಾ ಚೀಕಾ' ಎಂಬುದನ್ನು 'ಚಿಕ್ಕ ತಾಯ್ನಾಡು' ಎಂದು ಬಿಡಿಸುವವರಿದ್ದಾರೆ. ನಮಗೆ ಅದು 'ನಮ್ಮೂರು', ಅಷ್ಟೇ.

ಹೆಜ್ಜೆ 5: ಅಂಕಿಗಳನ್ನು ಎರಡು ಸಲ ನೋಡಿ

ಸ್ಪ್ಯಾನಿಷ್ 'ಬಿಯೋನ್' ಇಂಗ್ಲಿಷಿನ ಬಿಲಿಯನ್ ಅಲ್ಲ. ಅದು ನಮ್ಮ ಒಂದು ಲಕ್ಷ ಕೋಟಿ, ಇಂಗ್ಲಿಷಿನ ಟ್ರಿಲಿಯನ್. ಇಂಗ್ಲಿಷಿನ ಬಿಲಿಯನ್‌ಗೆ, ಅಂದರೆ ನಮ್ಮ ನೂರು ಕೋಟಿಗೆ, ಸ್ಪ್ಯಾನಿಷಿನಲ್ಲಿ 'ಮಿಲ್ ಮಿಯೋನೆಸ್' ಎನ್ನುತ್ತಾರೆ. ಹೊಸತರಲ್ಲಿ ಒಂದು ಬಜೆಟ್ ವರದಿಯಲ್ಲಿ ನಾನು ಈ ತಪ್ಪು ಮಾಡಿದ್ದೆ. ಅಚ್ಚಿಗೆ ಹೋಗುವ ಮುನ್ನ ತಿದ್ದಿದವರು ಕಂಡು ಹೇಳಿದರು. ಸಾವಿರ ಪಟ್ಟು ವ್ಯತ್ಯಾಸ! ಅಂದಿನಿಂದ ಪ್ರತಿ ಅಂಕಿಯನ್ನೂ ಮೊದಲು ಕೋಟಿಯಲ್ಲಿ ಬರೆದುಕೊಂಡು, ಆಮೇಲೆ ಇಂಗ್ಲಿಷಿಗೆ ಹಾಕುತ್ತೇನೆ. ಇನ್ನೊಂದು ಮಾತು: ಸ್ಪೇನಿನಲ್ಲಿ 12.500 ಎಂದರೆ ಹನ್ನೆರಡೂವರೆ ಸಾವಿರ, ಅಲ್ಲಿ ದಶಮಾಂಶಕ್ಕೆ ಅಲ್ಪವಿರಾಮ. ಆದರೆ ಮೆಕ್ಸಿಕೊದಂಥ ಕೆಲವು ದೇಶಗಳಲ್ಲಿ ನಮ್ಮ ಥರವೇ ದಶಮಾಂಶಕ್ಕೆ ಚುಕ್ಕಿ ಹಾಕುತ್ತಾರೆ.

ಹೆಜ್ಜೆ 6: ಈಗ ಸಾಲು ಕಟ್ಟಿ

ನಮ್ಮ ಸಾಲಿನ ಕೊನೆಯ ಎರಡು ಪದ ಉಳಿದಿವೆ. 'ಸೆ ಬಾಸಿಯೋ' ಅಂದರೆ 'ಖಾಲಿಯಾಯಿತು'. ಇಲ್ಲಿ ಬರೆದವರು ಯಾರನ್ನೂ ದೂರಿಲ್ಲ. 'ಲಾ ಬಾಸಿಯಾರೋನ್' ಎಂದಿದ್ದರೆ 'ಖಾಲಿ ಮಾಡಿದರು' ಆಗುತ್ತಿತ್ತು. ಆಗ 'ವಾಸ್ ಎಂಪ್ಟೀಡ್' ಎಂದು ಬರೆಯಬೇಕಿತ್ತು. ಇಲ್ಲಿ 'ಎಂಪ್ಟೀಡ್ ಔಟ್' ಸಾಕು. ಬರಹ ಸಗುಂತೊದ್ದು ಎಂದಿಟ್ಟುಕೊಂಡರೆ ನಾನು ಬರೆಯುವ ಸಾಲು ಇದು: 'ಆಫ್ಟರ್ ದಿ ಇಂಡಸ್ಟ್ರಿಯಲ್ ರೀಸ್ಟ್ರಕ್ಚರಿಂಗ್ ಅಂಡ್ ಕ್ಲೋಷರ್ಸ್ ಆಫ್ ದಿ 1980ಸ್, ದಿ ಸಗುಂತೊ ಏರಿಯಾ ಎಂಪ್ಟೀಡ್ ಔಟ್.' ಮೂಲದಲ್ಲಿಲ್ಲದ ಇಸವಿ ಬಂದಿದೆ, ಊರಿನ ಹೆಸರು ಬಂದಿದೆ. ಎರಡೂ ಸ್ಪ್ಯಾನಿಷ್ ಓದುಗರಿಗೆ ಹೇಳದೆಯೇ ಗೊತ್ತಿದ್ದವು.