ಹಳೇ ಮೂಕಿ ಕಾಮಿಡಿಯನ್ನು ಆಗಿನವರ ಹಾಗೆ ನೋಡುವುದು ಹೇಗೆ?

ಮೂಕಿ ಕಾಲದ ಕಾಮಿಡಿಯನ್ನು ಫೋನಿನಲ್ಲಿ ಒಬ್ಬರೇ ನೋಡಿ, ಇದರಲ್ಲಿ ನಗುವುದಕ್ಕೆ ಏನಿದೆ ಅಂತ ಅರ್ಧಕ್ಕೇ ಬಿಟ್ಟಿದ್ದೀರಾ? ಇನ್ನೊಂದು ಸಲ ನೋಡಿ. ಆದರೆ ಮೊದಲು ನಾಲ್ಕೈದು ಜನರನ್ನು ಸೇರಿಸಿ.

1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ, ಸಿನಿಮಾ ಶುರುಮಾಡಿದವರಲ್ಲಿ ಮೊದಲಿಗರಾದ ಲೂಮಿಯೇರ್ ಸಹೋದರರು ದುಡ್ಡು ತೆಗೆದುಕೊಂಡು ತೋರಿಸಿದ ಹತ್ತು ಚಿತ್ರಗಳಲ್ಲೇ ಒಂದು ಕಾಮಿಡಿ ಇತ್ತು. ಹುಡುಗನೊಬ್ಬ ತೋಟದ ಪೈಪನ್ನು ತುಳಿದು ನೀರು ನಿಲ್ಲಿಸುತ್ತಾನೆ, ಏನಾಯಿತು ಅಂತ ಮಾಲಿ ಪೈಪಿನೊಳಗೆ ಇಣುಕುತ್ತಾನೆ, ಹುಡುಗ ಕಾಲು ತೆಗೆಯುತ್ತಾನೆ. ಪೂರ್ತಿ ಒಂದು ನಿಮಿಷವೂ ಇಲ್ಲ. ಮುಂದೇನಾಗುತ್ತದೆ ಅಂತ ಮಾಲಿಗೆ ಗೊತ್ತಿಲ್ಲ, ನಮಗೆ ಗೊತ್ತು. ಆಗ ಪಕ್ಕದವರು ಕಿಸಕ್ಕನೆ ನಕ್ಕರೆ ನಮಗೂ ನಗು ತಡೆಯಲು ಆಗುವುದಿಲ್ಲ, ಅಲ್ವಾ?

ಆಮೇಲೆ ವೇಗ. ಇದನ್ನು ಯಾರೂ ಗಮನಿಸುವುದಿಲ್ಲ, ನನಗಂತೂ ಇದೇ ಎಲ್ಲಕ್ಕಿಂತ ಮುಖ್ಯ. ಆಗ ಕ್ಯಾಮೆರಾವನ್ನೂ ಪ್ರೊಜೆಕ್ಟರನ್ನೂ ಕೈಯಲ್ಲೇ ತಿರುಗಿಸುತ್ತಿದ್ದರು, ಸೆಕೆಂಡಿಗೆ ಸುಮಾರು 16 ಫ್ರೇಮ್, ಅಂದರೆ 16 ಬಿಡಿ ಚಿತ್ರ, ಕೆಲವೊಮ್ಮೆ ಇನ್ನೂ ಜಾಸ್ತಿ. ಟಾಕಿ ಬಂದಮೇಲೆ ಅದು 24ಕ್ಕೆ ನಿಂತಿತು. ಹಳೆಯದನ್ನು 24ರಲ್ಲೇ ಓಡಿಸಿದ ಪ್ರತಿ ಸಿಕ್ಕಿದರೆ ಎಲ್ಲರೂ ಗಡಿಬಿಡಿಯಲ್ಲಿ ನಡೆಯುತ್ತಿರುತ್ತಾರೆ, ಮುಖದ ಭಾವವೇ ಕಾಣುವುದಿಲ್ಲ. ಪ್ಲೇಯರಿನಲ್ಲಿ ವೇಗವನ್ನು 0.75ಕ್ಕೆ ಇಳಿಸಿ. ಅಟ್ಟಿಸಿಕೊಂಡು ಓಡುವ ದೃಶ್ಯ ಮಾತ್ರ ಆಗಲೂ ಜೋರಾಗಿದ್ದರೆ ಬಿಟ್ಟುಬಿಡಿ, ಕ್ಯಾಮೆರಾವನ್ನು ಬೇಕಂತಲೇ ನಿಧಾನ ತಿರುಗಿಸಿ ಹಾಗೆ ತೆಗೆಯುತ್ತಿದ್ದರು.

ಸದ್ದಿಲ್ಲದೆ ನೋಡಬೇಡಿ. 1905ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಐದು ಸೆಂಟಿನ ಟಿಕೆಟ್ಟಿಗೆ ನಿಕೆಲೋಡಿಯನ್ ಅನ್ನುವ ಸಿನಿಮಾ ಮಂದಿರ ಶುರುವಾಯಿತು, ನೋಡನೋಡುತ್ತ ದೇಶವೆಲ್ಲ ಅಂಥ ಪುಟ್ಟ ಟಾಕೀಸುಗಳು ಎದ್ದವು. ಪರದೆಯ ಹತ್ತಿರ ಒಬ್ಬರು ಪಿಯಾನೊ ನುಡಿಸುತ್ತಿದ್ದರು. ರೀಲ್, ಅಂದರೆ ಫಿಲ್ಮಿನ ಸುರುಳಿ, ಬದಲಿಸುವ ಹೊತ್ತಿನಲ್ಲಿ ಹಾಡಿನ ಸ್ಲೈಡ್ ಹಾಕಿದರೆ ಜನರೇ ದನಿಗೂಡಿಸುತ್ತಿದ್ದರು. ನೀವೂ ಎರಡು ಚಿತ್ರಗಳ ನಡುವೆ ಎಲ್ಲರಿಗೂ ಬರುವ ಒಂದು ಹಾಡು ಹಾಡಿ.

ನಡುವೆ ಬರುವ ಬರಹದ ಕಾರ್ಡುಗಳನ್ನು ಒಬ್ಬರು ಗಟ್ಟಿಯಾಗಿ ಓದಲಿ. ಒಂದು ರೀಲ್ ಅಂದರೆ ಹತ್ತು ಹದಿನೈದು ನಿಮಿಷ, ಒಂದು ಸಂಜೆಗೆ ಎರಡು ಮೂರು ಸಾಕು. ಮಕ್ಕಳು ಅದನ್ನೇ ಇನ್ನೊಮ್ಮೆ ಹಾಕಿ ಅಂದರೆ ಹಾಕಿ. ಆಗಿನ ಶೋಗಳು ಬಿಡದೆ ನಡೆಯುತ್ತಿದ್ದವು, ಇಷ್ಟವಾದವರು ಎದ್ದುಹೋಗದೆ ಮತ್ತೆ ಮೊದಲಿಂದ ನೋಡಬಹುದಿತ್ತು.