ನಮ್ಮ ಫ್ಲೋಟ್ ವಿಮಾನಕ್ಕೆ ಇಂಜಿನ್ ಆರಿಸಿದ್ದು ಹೀಗೆ

ವಿಮಾನ ಕಟ್ಟುತ್ತಿದ್ದೇವೆ ಅಂದ ಕೂಡಲೇ ಬಂದರಿನಲ್ಲಿ ಎಲ್ಲರೂ ಕೇಳುವುದು ಒಂದೇ: ಎಷ್ಟು ಎಚ್‌ಪಿ? ರನ್‌ವೇ ಮೇಲೆ ಓಡಿ ಹಾರುವ ವಿಮಾನಕ್ಕೆ ಈ ಪ್ರಶ್ನೆ ಸಾಕು. ಚಕ್ರದ ಬದಲು ದೋಣಿಯಂಥ ಎರಡು ಫ್ಲೋಟ್ ಇಟ್ಟುಕೊಂಡು ನೀರಿನಿಂದ ಏಳಬೇಕಾದ ವಿಮಾನಕ್ಕೆ ಸಾಲದು. ಅಲ್ಲಿ ಕೇಳಬೇಕಾದದ್ದು, ನಿಧಾನಕ್ಕೆ ಹೋಗುವಾಗ ಪ್ರೊಪೆಲ್ಲರ್ ಎಷ್ಟು ಕೆಜಿ ಎಳೆಯುತ್ತದೆ ಅಂತ.

ನಾನು ಕಾರವಾರದ ಬೈತಕೋಲ ಬಂದರಿನಲ್ಲಿ ಬೋಟ್ ಇಂಜಿನ್ ರಿಪೇರಿ ಮಾಡುವವನು. ಜೊತೆಗಿರುವ ಗೆಳೆಯ ಶಿರಸಿ ಕಡೆಯವನು, ವಿಮಾನದ ಮೆಕ್ಯಾನಿಕ್. ರೆಕ್ಕೆ, ಚೌಕಟ್ಟು ಅವನ ಪಾಲು. ಫ್ಲೋಟ್ ಮತ್ತು ಇಂಜಿನ್ ನನ್ನ ಪಾಲು. ಇಬ್ಬರು ಕೂತು, ಪೆಟ್ರೋಲ್ ತುಂಬಿದ ಮೇಲೂ 500 ಕೆಜಿ ದಾಟಬಾರದು ಅಂತ ಗುರಿ ಇಟ್ಟುಕೊಂಡಿದ್ದೆವು. ಮೊದಲೇ ಹೇಳಿಬಿಡುತ್ತೇನೆ, ಕಾರವಾರದಲ್ಲಿ ಇದನ್ನು ಹಾರಿಸುವ ಮಾತಿಲ್ಲ. ಒಂದು ಕಡೆ ನೌಕಾನೆಲೆ, ಇನ್ನೊಂದು ಕಡೆ ಕೈಗಾ ಅಣುಸ್ಥಾವರ. ಪರವಾನಗಿ, ಹಾರಾಟ ಎಲ್ಲ ಬೇರೆ ಕಡೆ, ಬೇರೆ ಕಥೆ. ಇಲ್ಲಿ ಬರೆಯುತ್ತಿರುವುದು ಇಂಜಿನ್ ಬಗ್ಗೆ ಮಾತ್ರ.

ಫ್ಲೋಟ್ ವಿಮಾನ ಹೊರಡುವಾಗ ದೋಣಿಯ ಹಾಗೆಯೇ ನೀರನ್ನು ಸೀಳಿಕೊಂಡು ಹೋಗುತ್ತದೆ. ವೇಗ ಏರಿದ ಹಾಗೆ ಮೂತಿ ಮೇಲೇಳುತ್ತದೆ, ಹಿಂಭಾಗ ಕೂರುತ್ತದೆ. ಆಗ ನೀರಿನ ತಡೆ ವಿಪರೀತ, ಇದನ್ನೇ ದಿಬ್ಬ ಅನ್ನುವುದು. ಆ ದಿಬ್ಬ ದಾಟಿದರೆ ಫ್ಲೋಟ್ ನೀರಿನ ಮೇಲೆ ಜಾರಲು ಶುರು ಮಾಡುತ್ತದೆ, ತಡೆ ಇಳಿಯುತ್ತದೆ, ವೇಗ ತಾನಾಗಿ ಏರುತ್ತದೆ. ದಾಟದಿದ್ದರೆ? ಎಷ್ಟು ಥ್ರಾಟಲ್ ಕೊಟ್ಟರೂ ಗದ್ದಲ ಮಾಡುತ್ತಾ ನದಿ ತುಂಬ ಸುತ್ತುವುದೇ. ಸ್ಪೀಡ್ ಬೋಟ್ ಓಡಿಸಿದವರಿಗೆ ಇದು ಗೊತ್ತು. ನಾಲ್ಕು ಜನ ಜಾಸ್ತಿ ಹತ್ತಿದರೆ ಬೋಟ್ ಮೇಲೇಳುವುದೇ ಇಲ್ಲ, ಅಲ್ವಾ?

ಪುಸ್ತಕದ ಪ್ರಕಾರ ಈ ದಿಬ್ಬದಲ್ಲಿ ತಡೆ ಒಟ್ಟು ತೂಕದ ನಾಲ್ಕನೇ ಒಂದು ಅಥವಾ ಐದನೇ ಒಂದು ಭಾಗದಷ್ಟು ಇರುತ್ತದೆ. ನಮ್ಮ ಫ್ಲೋಟ್ ನಾವೇ ಫೈಬರ್‌ನಲ್ಲಿ ಮಾಡಿದ್ದು, ಹಾಗಾಗಿ ಸುಮ್ನೆ ಪುಸ್ತಕ ನಂಬುವ ಬದಲು ಅಳೆದೇ ನೋಡೋಣ ಅಂದುಕೊಂಡೆವು. ಎರಡೂ ಫ್ಲೋಟ್‌ಗಳನ್ನು ಪೈಪ್ ಹಾಕಿ ಜೋಡಿಸಿದೆವು. ಮೇಲೆ ಮರಳಿನ ಚೀಲ ಹೇರಿ 500 ಕೆಜಿ ಮಾಡಿದೆವು. ಪ್ರವಾಸಿಗರನ್ನು ಕೂರ್ಮಗಡಕ್ಕೆ ಒಯ್ಯುವ ಒಂದು ಸ್ಪೀಡ್ ಬೋಟ್ ಸಿಕ್ಕಿತು. ಬೋಟಿನ ಅಲೆ ತಾಗದಷ್ಟು ಉದ್ದದ ಹಗ್ಗ, ನಡುವೆ ತೂಗು ತಕ್ಕಡಿ. ಸದಾಶಿವಗಡದ ಬದಿಯಲ್ಲಿ, ಗಾಳಿ ಏಳುವ ಮೊದಲು, ಬೆಳಿಗ್ಗೆ ಎಳೆದೆವು.

ಮುಳ್ಳು ನಿಧಾನಕ್ಕೆ ಏರಿತು. 40, 60, 90. ಗಂಟೆಗೆ 25 ಕಿಮೀ ಆಸುಪಾಸಿನಲ್ಲಿ 120ರ ಹತ್ತಿರ ಹೋಗಿ ಅಲ್ಲೇ ನಡುಗುತ್ತಾ ನಿಂತಿತು. ಫ್ಲೋಟಿನ ಮೂತಿ ಆಕಾಶ ನೋಡುತ್ತಿತ್ತು, ಹಿಂದೆ ನೀರು ಗುಡ್ಡೆ ಕಟ್ಟಿತ್ತು. ಇನ್ನಷ್ಟು ಥ್ರಾಟಲ್ ಕೊಟ್ಟಾಗ ಮೂತಿ ತಟ್ಟನೆ ಇಳಿಯಿತು, ಮುಳ್ಳು 80ಕ್ಕೆ ಬಿತ್ತು. ಬೋಟ್ ಓಡಿಸುತ್ತಿದ್ದವನು ಹಗ್ಗ ತುಂಡಾಯಿತು ಅಂತ ಹಿಂತಿರುಗಿ ನೋಡಿದ.

ಹಾಗಾದರೆ ಆ ವೇಗದಲ್ಲಿ 120 ಕೆಜಿಗಿಂತ ಸಾಕಷ್ಟು ಜಾಸ್ತಿ ಎಳೆಯುವ ಇಂಜಿನ್ ಬೇಕು. 'ಸಾಕಷ್ಟು' ಅನ್ನುವುದರಲ್ಲೇ ಎಲ್ಲ ಇರುವುದು. ಫ್ಲೋಟಿನೊಳಗೆ ಸ್ವಲ್ಪ ನೀರು ಸೋರಿದರೆ, ಗಾಳಿಯೇ ಇಲ್ಲದಿದ್ದರೆ, ಪಕ್ಕದಲ್ಲಿ ಕೂತವನು ದಪ್ಪಗಿದ್ದರೆ, ಆ ಅಂತರವೇ ನಮ್ಮನ್ನು ಮೇಲೆತ್ತಬೇಕು.

ಇದರ ಮೇಲೆ ನಮ್ಮ ಸೆಖೆ. ಇಂಜಿನ್ ಕಂಪನಿ ಹೇಳುವ ಎಚ್‌ಪಿ ಎಲ್ಲ 15 ಡಿಗ್ರಿ ಗಾಳಿಯ ಲೆಕ್ಕ. ಮೇ ತಿಂಗಳ 33 ಡಿಗ್ರಿಯಲ್ಲಿ ಕಾರವಾರದ ಗಾಳಿ ತೆಳುವಾಗಿ, ಆ ಲೆಕ್ಕದಲ್ಲಿ ಸುಮಾರು 650 ಮೀಟರ್ ಎತ್ತರದ ಗಾಳಿಗೆ ಸಮ. ಅಂದರೆ ಇಂಜಿನ್ ಸಮುದ್ರದ ದಂಡೆಯಲ್ಲಿ ನಿಂತಿದ್ದರೂ ಉಸಿರಾಡುವುದು ಘಟ್ಟ ಹತ್ತಿ ಶಿರಸಿಗೆ ಹೋದಂತೆ. ಶೇ. 6ರಷ್ಟು ಶಕ್ತಿ ಅಲ್ಲೇ ಹೋಯಿತು. ತೇವ ಇನ್ನೂ ಸ್ವಲ್ಪ ಕದಿಯುತ್ತದೆ.

ಇಂಜಿನ್‌ಗಳ ವಿಷಯಕ್ಕೆ ಬರೋಣ. ಮೊದಲು ಎಲ್ಲರೂ ಸೂಚಿಸಿದ್ದು ಮಾರುತಿ ಜಿಪ್ಸಿಯ 1.3 ಲೀಟರ್ ಇಂಜಿನ್. 80 ಎಚ್‌ಪಿ, ಅಗ್ಗ, ಬಿಡಿಭಾಗ ಎಲ್ಲೆಂದರಲ್ಲಿ ಸಿಗುತ್ತದೆ. ಸುಜುಕಿಯ ಇದೇ ಜಾತಿಯ ಇಂಜಿನ್‌ಗಳನ್ನು ಹೊರದೇಶಗಳಲ್ಲಿ ಸಣ್ಣ ವಿಮಾನಗಳಿಗೆ ಹಾಕಿದವರಿದ್ದಾರೆ. ಆದರೆ ಆ 80 ಎಚ್‌ಪಿ ಬರುವುದು 6000 ಆರ್‌ಪಿಎಮ್‌ನಲ್ಲಿ. ಪ್ರೊಪೆಲ್ಲರ್‌ಗೆ ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸಬೇಕು. ಬೆಲ್ಟ್ ಅಥವಾ ಗೇರ್ ನಾವೇ ಕೂರಿಸಬೇಕು. ಕ್ರ್ಯಾಂಕ್‌ನ ಒಂದೊಂದು ಹೊಡೆತಕ್ಕೂ ಉದ್ದನೆಯ ಪ್ರೊಪೆಲ್ಲರ್ ಹಿಂದೆ ಮುಂದೆ ತಿರುಚುತ್ತದೆ, ಆ ನಡುಕ ಯಾವುದೋ ಒಂದು ಆರ್‌ಪಿಎಮ್‌ನಲ್ಲಿ ಸೇರಿಕೊಂಡರೆ ಶಾಫ್ಟ್ ಮುರಿಯುತ್ತದೆ. ಬೋಟಿನಲ್ಲಿ ಲೇಲ್ಯಾಂಡ್ ಇಂಜಿನ್ ಕೂರಿಸಿ ಅಭ್ಯಾಸ ಇರುವ ನನಗೂ ಈ ಕೆಲಸಕ್ಕೆ ಧೈರ್ಯ ಬರಲಿಲ್ಲ. ಅದೂ ಅಲ್ಲದೆ ಇಗ್ನಿಷನ್ ಒಂದೇ, ಅದು ಕೆಟ್ಟರೆ ಇಂಜಿನ್ ನಿಂತಂತೆ. ರೇಡಿಯೇಟರ್, ಗೇರ್ ಎಲ್ಲ ಸೇರಿದರೆ ತೂಕವೂ ಜಾಸ್ತಿ. ಫ್ಲೋಟ್ ವಿಮಾನದಲ್ಲಿ ತೂಕಕ್ಕೆ ಬಡ್ಡಿ ಇದೆ: ಫ್ಲೋಟ್‌ಗಳು ಒಟ್ಟು ತೂಕದ ಶೇ. 180ರಷ್ಟು ಹೊರುವಂತಿರಬೇಕು ಅನ್ನುವುದು ಎಲ್ಲರೂ ಪಾಲಿಸುವ ನಿಯಮ. ಇಂಜಿನ್ 20 ಕೆಜಿ ಹೆಚ್ಚಾದರೆ ಫ್ಲೋಟ್ 36 ಲೀಟರ್ ದೊಡ್ಡದಾಗಬೇಕು, ಆ ಫ್ಲೋಟಿನ ತೂಕ ಮತ್ತೆ ಬೇರೆ.

ರೋಟ್ಯಾಕ್ಸ್ ಕಂಪನಿಯ ಟು ಸ್ಟ್ರೋಕ್ 582 ನನಗೆ ಇಷ್ಟದ ಇಂಜಿನ್. 65 ಎಚ್‌ಪಿ, ಹಗುರ, ಬಿಚ್ಚಿ ಕಟ್ಟುವುದು ಸಲೀಸು. ಔಟ್‌ಬೋರ್ಡ್ ಬಿಚ್ಚಿದ ಕೈಗೆ ಅದರಲ್ಲಿ ಹೊಸದೇನಿಲ್ಲ. ಆದರೆ 300 ಗಂಟೆಗೆ ಓವರ್‌ಹಾಲ್. ಇಬ್ಬರನ್ನು ಹೊತ್ತು 120 ಕೆಜಿ ದಿಬ್ಬ ದಾಟಿಸಲು ಅದು ಪೂರ್ತಿ ದಮ್ಮು ಕಟ್ಟಬೇಕು. ನಿಂತುಹೋದರೆ ಏನಾಯಿತು, ಕೆಳಗೆ ನೀರೇ ಇದೆಯಲ್ಲ ಅನ್ನುವವರಿದ್ದಾರೆ. ಅವರು ಜೂನ್ ತಿಂಗಳಲ್ಲಿ ದೇವಬಾಗದ ಕಡಲು ನೋಡಿಲ್ಲ. ಇಷ್ಟು ಸಣ್ಣ ಫ್ಲೋಟ್‌ಗೆ ಮೊಣಕಾಲೆತ್ತರದ ಅಲೆಯೇ ದೊಡ್ಡ ಅಪಾಯ.

ಆಸ್ಟ್ರೇಲಿಯಾದ ಜಬಿರು 2200 ಬಹಳ ದಿನ ಪಟ್ಟಿಯಲ್ಲಿತ್ತು. 85 ಎಚ್‌ಪಿ, ಗೇರ್‌ಬಾಕ್ಸ್ ಇಲ್ಲ, ರೇಡಿಯೇಟರ್ ಇಲ್ಲ. ನೋಡಲು ಎಷ್ಟು ಅಚ್ಚುಕಟ್ಟು ಅಂದರೆ ಮನಸ್ಸು ಅಲ್ಲೇ ನಿಲ್ಲುತ್ತದೆ. ಆದರೆ ಅದರ ಶಕ್ತಿ ಬರುವುದು 3300 ಆರ್‌ಪಿಎಮ್‌ನಲ್ಲಿ, ಪ್ರೊಪೆಲ್ಲರ್ ಕೂಡ ಅದೇ ವೇಗದಲ್ಲಿ ತಿರುಗುತ್ತದೆ. ಅಷ್ಟು ಜೋರಾಗಿ ತಿರುಗುವ ಪ್ರೊಪೆಲ್ಲರ್ ಉದ್ದ ಇರುವಂತಿಲ್ಲ, ತುದಿ ಶಬ್ದದ ವೇಗದ ಹತ್ತಿರ ಹೋಗಿಬಿಡುತ್ತದೆ. ಸುಮಾರು 1.5 ಮೀಟರ್‌ಗೆ ತೃಪ್ತಿಪಡಬೇಕು. ಪಟ್ಟಿಯಲ್ಲಿದ್ದ ಇನ್ನೊಂದು ಇಂಜಿನ್ ರೋಟ್ಯಾಕ್ಸ್ 912ಕ್ಕೆ ಗೇರ್ ಇರುವುದರಿಂದ 1.73 ಮೀಟರ್ ಹಾಕಬಹುದು. ಅಷ್ಟರಿಂದಲೇ ಅದೇ ಎಚ್‌ಪಿಗೆ ನಿಂತಲ್ಲಿ ಶೇ. 9ರಷ್ಟು ಎಳೆತ ಜಾಸ್ತಿ. ಓಡುತ್ತಾ ಹೋಗುವ ವಿಮಾನಕ್ಕೆ ಇದು ದೊಡ್ಡ ವಿಷಯವಲ್ಲ, ದಿಬ್ಬದಲ್ಲಿ ಒದ್ದಾಡುವ ನಮಗೆ ಇದೇ ವಿಷಯ. ಜೊತೆಗೆ ಜಬಿರು ತಂಪಾಗುವುದು ಪೂರ್ತಿ ಗಾಳಿಯಿಂದ. ಗಾಳಿಗೆ ಬೆನ್ನು ಮಾಡಿ ನೀರಿನ ಮೇಲೆ ನಿಧಾನಕ್ಕೆ ಹೋಗುವಾಗ ಗಾಳಿ ಎಲ್ಲಿಂದ ಬರಬೇಕು?

ಹೀಗೆ ಉಳಿದದ್ದು ರೋಟ್ಯಾಕ್ಸ್ 912. ಇದಕ್ಕೆ ಇನ್ನೊಂದು ಕಾರಣವೂ ಇತ್ತು. ಎನ್‌ಸಿಸಿಯ ಪಿಪಿಸ್ಟ್ರೆಲ್ ವೈರಸ್ ಮೈಕ್ರೋಲೈಟ್‌ನಲ್ಲಿ ಇರುವುದು ಇದೇ 80 ಎಚ್‌ಪಿ ಇಂಜಿನ್. ಸೇನೆಯ ಹೆರಾನ್ ಡ್ರೋನ್‌ನಲ್ಲಿ ಇರುವುದು ಇದರ ಟರ್ಬೊ ಅಣ್ಣ 914. ಅಂದರೆ ನಮ್ಮ ದೇಶದಲ್ಲಿ ಇದನ್ನು ಬಿಚ್ಚಿದ ಕೈಗಳಿವೆ, ಸಂದೇಹ ಬಂದರೆ ಕೇಳಲು ಜನ ಇದ್ದಾರೆ.

ಈಗ ಪ್ರಶ್ನೆ 80 ಎಚ್‌ಪಿಯ 912 ಯುಎಲ್ ಅಥವಾ 100 ಎಚ್‌ಪಿಯ ಯುಎಲ್‌ಎಸ್. ತೂಕದಲ್ಲಿ ಒಂದೆರಡು ಕೆಜಿ ವ್ಯತ್ಯಾಸ ಅಷ್ಟೇ. ಹಾಗಿದ್ದರೆ 100 ತಗೊಂಡರಾಯಿತಲ್ಲ ಅನ್ನಬಹುದು. ನಾನು 80ರ ಕಡೆಗೆ ವಾಲಿದ್ದೆ, ಕಾರಣ ಪೆಟ್ರೋಲ್. ಯುಎಲ್‌ಗೆ 90 ಆಕ್ಟೇನ್ (ಇಂಜಿನ್ನೊಳಗೆ ಪೆಟ್ರೋಲ್ ಹೊತ್ತಿಗೆ ಮೊದಲೇ ಸಿಡಿಯದಂತೆ ತಡೆಯುವ ಗುಣದ ಅಂಕ) ಸಾಕು, ನಮ್ಮ ಸಾದಾ ಪೆಟ್ರೋಲ್ 91 ಇತ್ತು. ಯುಎಲ್‌ಎಸ್‌ಗೆ 95 ಬೇಕು. ಕೋಡಿಬಾಗದ ಬಂಕಿನಿಂದಲೇ ತುಂಬಿಸಿಕೊಳ್ಳುವ ಇಂಜಿನ್ ಬಿಟ್ಟು ಬೇರೆ ಯಾಕೆ ಅನ್ನುವುದು ನನ್ನ ವಾದ.

ಈ ವಾದವನ್ನು ಇ20 ಮುಗಿಸಿತು. 2025ರ ಹೊತ್ತಿಗೆ ಎಲ್ಲ ಬಂಕುಗಳಲ್ಲೂ ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ ಬಂತು. ಆಕ್ಟೇನ್ 95ಕ್ಕೆ ಏರಿತು, ಅದು ಸರಿ. ಆದರೆ ರೋಟ್ಯಾಕ್ಸ್ ಒಪ್ಪುವುದು ಶೇ. 10ರವರೆಗೆ ಮಾತ್ರ. ಎಥೆನಾಲ್ ನೀರು ಕುಡಿಯುತ್ತದೆ. ನಮ್ಮ ಕರಾವಳಿಯ ತೇವದಲ್ಲಿ ಟ್ಯಾಂಕ್ ವಾರಗಟ್ಟಲೆ ನಿಂತರೆ ಎಥೆನಾಲ್ ಮತ್ತು ನೀರು ಸೇರಿ ತಳಕ್ಕೆ ಇಳಿದು ಬೇರೆಯಾಗುತ್ತವೆ. ಇಂಜಿನ್ ಮೊದಲು ಹೀರುವುದು ಆ ತಳವನ್ನೇ. ಮೀನಿನ ಬೋಟಿನಲ್ಲಿ ಆದರೆ ಫಿಲ್ಟರ್ ಬಿಚ್ಚಿ ಬೈಯ್ಯುತ್ತಾ ಕೂರಬಹುದು.

ಎಥೆನಾಲ್ ಎಷ್ಟಿದೆ ಅನ್ನುವ ಪರೀಕ್ಷೆ ಸುಲಭ, ಯಾರು ಬೇಕಾದರೂ ಮಾಡಬಹುದು. 100 ಮಿಲಿಯ ಗಾಜಿನ ಅಳತೆ ಜಾಡಿಗೆ 10 ಮಿಲಿ ನೀರು, ಮೇಲೆ 90 ಮಿಲಿ ಪೆಟ್ರೋಲ್. ಬಾಯಿ ಮುಚ್ಚಿ ಚೆನ್ನಾಗಿ ಅಲುಗಾಡಿಸಿ, ಬಿಡಿ. ಶುದ್ಧ ಪೆಟ್ರೋಲ್ ಆದರೆ ಗೆರೆ 10ರಲ್ಲೇ ನಿಲ್ಲುತ್ತದೆ. ಊರಿನ ಬಂಕಿನದ್ದು 28ರ ಹತ್ತಿರ ಬಂತು. ಅಂದರೆ 18 ಮಿಲಿ ಎಥೆನಾಲ್ ಪೆಟ್ರೋಲ್ ಬಿಟ್ಟು ನೀರಿನ ಜೊತೆ ಹೋಗಿತ್ತು.

ಎಥೆನಾಲ್ ಬೆರೆಸದ 100 ಆಕ್ಟೇನ್ ಪೆಟ್ರೋಲ್ ಇದೆ, ಆದರೆ ದೊಡ್ಡ ಊರುಗಳ ಕೆಲವೇ ಬಂಕುಗಳಲ್ಲಿ, ದುಬಾರಿ ಬೆಲೆಗೆ. ವಿಮಾನಕ್ಕೆಂದೇ ಇರುವ ಆವ್‌ಗ್ಯಾಸ್ ಕೂಡ ಹಾಕಬಹುದು, ಅದರಲ್ಲಿ ಸೀಸ ಇರುವುದರಿಂದ ಆಯಿಲ್ ಬೇಗ ಬೇಗ ಬದಲಿಸಬೇಕು. ಹೇಗಿದ್ದರೂ ಹೊರಗಿನಿಂದ ಲೋಹದ ಕ್ಯಾನಿನಲ್ಲಿ ತರಲೇಬೇಕು ಅಂತಾದ ಮೇಲೆ 80ರ ಲಾಭ ಏನುಳಿಯಿತು? ಅದೇ ತೂಕಕ್ಕೆ ಶೇ. 16ರಷ್ಟು ಹೆಚ್ಚು ಎಳೆತ ಕೊಡುವ ಇಂಜಿನ್ ಪಕ್ಕದಲ್ಲೇ ಇದೆ. ಯುಎಲ್‌ಎಸ್ ತಗೊಂಡೆವು. ತಂದ ಪೆಟ್ರೋಲನ್ನು ಪ್ರತಿ ಸಲವೂ ಆ ಜಾಡಿಯಲ್ಲಿ ಹಾಕಿ ನೋಡಿಯೇ ಟ್ಯಾಂಕಿಗೆ ಹಾಕುತ್ತೇನೆ.

ಇಂಜೆಕ್ಷನ್ ಇರುವ 912 ಐಎಸ್ ಯಾಕೆ ಬೇಡ ಅಂತ ಗೆಳೆಯ ಕೇಳಿದ. ಪೆಟ್ರೋಲ್ ಉಳಿಸುತ್ತದೆ, ನಿಜ. ಆದರೆ ಎಷ್ಟೊಂದು ಸೆನ್ಸರ್, ಎಷ್ಟೊಂದು ಕನೆಕ್ಟರ್. ಉಪ್ಪು ಗಾಳಿಯಲ್ಲಿ ಹಸಿರುಗಟ್ಟಿದ ಕನೆಕ್ಟರ್ ತಿಕ್ಕಿಯೇ ನನ್ನ ಅರ್ಧ ಆಯುಸ್ಸು ಹೋಗಿದೆ. ನಮಗೆ ಕಾರ್ಬ್ಯುರೇಟರ್ ಸಾಕು.

ಕಾರ್ಬ್ಯುರೇಟರ್‌ಗೂ ಅದರದ್ದೇ ಕಾಟ ಇದೆ. 912ರಲ್ಲಿ ಬಿಂಗ್ ಕಂಪನಿಯ ಎರಡು ಕಾರ್ಬ್ಯುರೇಟರ್, ಒಂದೊಂದರಲ್ಲಿ ಪೆಟ್ರೋಲ್ ಮಟ್ಟ ಕಾಯುವ ಎರಡು ಪುಟ್ಟ ಫ್ಲೋಟ್. ಕೆಲವು ಫ್ಲೋಟ್ ಪೆಟ್ರೋಲ್ ಹೀರಿ ಭಾರವಾಗಿ ಮುಳುಗುತ್ತವೆ, ಪೆಟ್ರೋಲ್ ಉಕ್ಕಿ ಹರಿಯುತ್ತದೆ. ಜೋಡಿಯ ತೂಕ 7 ಗ್ರಾಂ ದಾಟಿದರೆ ಬಿಸಾಡಿ ಅನ್ನುತ್ತದೆ ಕಂಪನಿ. 7 ಗ್ರಾಂ ತೂಗುವ ತಕ್ಕಡಿ ನನ್ನ ವರ್ಕ್‌ಶಾಪಿನಲ್ಲಿ ಎಲ್ಲಿಂದ ಬರಬೇಕು? ಪೇಟೆಯ ಸೊನಗಾರರ ಅಂಗಡಿಗೆ ಹೋದೆ. ಅವರು ಅದನ್ನು ತಿರುಗಿಸಿ ನೋಡಿ, ಇದರಲ್ಲಿ ಚಿನ್ನ ಎಲ್ಲಿದೆ ಅಂದರು. ನಮ್ಮದು ಸೆಕೆಂಡ್ ಹ್ಯಾಂಡ್ ಇಂಜಿನ್. ಒಂದು ಜೋಡಿ ಪಾಸು, ಇನ್ನೊಂದು 7 ದಾಟಿತ್ತು. ಹೊಸದು ತರಿಸಿದೆವು.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಲಾಗ್‌ಬುಕ್ ಇಲ್ಲದ ಇಂಜಿನ್ ಮುಟ್ಟಬೇಡಿ. ಮ್ಯಾಗ್ನೆಟಿಕ್ ಪ್ಲಗ್ ಬಿಚ್ಚಿಸಿ ನೋಡಿ, ಅದಕ್ಕೆ ಅಂಟಿದ ಕಬ್ಬಿಣದ ಚೂರು ಎಲ್ಲ ಕಥೆ ಹೇಳುತ್ತದೆ. ಓಡಿದ್ದು ಕಡಿಮೆ ಗಂಟೆ ಅಂತ ಮರುಳಾಗಬೇಡಿ, ರಬ್ಬರ್ ಪೈಪುಗಳನ್ನೆಲ್ಲ 5 ವರ್ಷಕ್ಕೊಮ್ಮೆ ಬದಲಿಸಲೇಬೇಕು. ಆ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ.

ಇಂಜಿನ್ ಕೂರಿಸಿದ ಮೇಲೆ ಚೌಕಟ್ಟನ್ನು ತೆಂಗಿನ ಮರಕ್ಕೆ ಕಟ್ಟಿ, ನಡುವೆ ಅದೇ ತೂಗು ತಕ್ಕಡಿ ಹಾಕಿ ಓಡಿಸಿದೆವು. ಪೂರ್ತಿ ಥ್ರಾಟಲ್‌ನಲ್ಲಿ 190 ಕೆಜಿ ಆಸುಪಾಸು. ಮುಂದೆ ಹೋಗುತ್ತಾ ಅದು ಇಳಿಯುತ್ತದೆ, ದಿಬ್ಬದ ವೇಗದಲ್ಲಿ 170 ಇರಬಹುದು ಅಂತ ಲೆಕ್ಕ. 120ರ ಎದುರು 50 ಕೆಜಿ ಉಳಿತಾಯ. 80 ಎಚ್‌ಪಿ ಆಗಿದ್ದರೆ ಉಳಿಯುತ್ತಿದ್ದದ್ದು 25.

ಅದೇ ದಿನ ಇನ್ನೊಂದು ಅಳತೆಯನ್ನೂ ಮಾಡಿದೆವು, ಇದನ್ನು ಬಹಳ ಜನ ಮಾಡುವುದಿಲ್ಲ. ಐಡಲ್‌ನಲ್ಲಿ, ಅಂದರೆ ಥ್ರಾಟಲ್ ಪೂರ್ತಿ ಬಿಟ್ಟಾಗ, ಎಷ್ಟು ಎಳೆಯುತ್ತದೆ? ಈ ಇಂಜಿನ್ನನ್ನು 1400 ಆರ್‌ಪಿಎಮ್‌ಗಿಂತ ಕೆಳಗೆ ಇಳಿಸುವಂತಿಲ್ಲ, ಗೇರ್‌ಬಾಕ್ಸ್ ಗಡಗಡ ಅನ್ನುತ್ತದೆ. 1600ರಲ್ಲಿ ಸುಮಾರು 15 ಕೆಜಿ ಬಂತು. ನೀರಿನಲ್ಲಿ ಬ್ರೇಕ್ ಇಲ್ಲ. ಸ್ಟಾರ್ಟ್ ಆದ ಕ್ಷಣದಿಂದ ವಿಮಾನ ಹೊರಟಿತು ಅಂತಲೇ ಅರ್ಥ. ಆಯಿಲ್ 50 ಡಿಗ್ರಿಗೆ ಬರುವವರೆಗೆ ಪೂರ್ತಿ ಶಕ್ತಿ ಕೊಡುವಂತಿಲ್ಲ, ಹಾಗಾಗಿ ಬಿಸಿಯಾಗುವವರೆಗೆ ಸುತ್ತುತ್ತಿರಲು ಜಾಗ ಬೇಕು. ಜೆಟ್ಟಿಗೆ ಬರುವಾಗ ದೂರದಲ್ಲೇ ಇಂಜಿನ್ ಬಂದ್ ಮಾಡಿ ಹುಟ್ಟು ಹಾಕಿಕೊಂಡು ಬರಬೇಕು. ಫ್ಲೋಟಿನ ಮೇಲೆ ಒಂದು ಹುಟ್ಟು ಕಟ್ಟಿಟ್ಟಿದ್ದೇವೆ.

ಒಬ್ಬರೇ ಕೂರುವ, 300 ಕೆಜಿ ಒಳಗಿನ ವಿಮಾನ ಕಟ್ಟುವವರಿಗೆ ಈ ಲೆಕ್ಕವೇ ಬೇರೆ. ದಿಬ್ಬ 70-75 ಕೆಜಿಗೆ ಇಳಿಯುತ್ತದೆ, 912 ಬರೀ ಭಾರ ಮತ್ತು ಸಾಲ. ಅವರಿಗೆ ನಾನು ಹೇಳುವುದು 582, ಅದೂ ರಿಡಕ್ಷನ್ ಜಾಸ್ತಿ ಇರುವ, ಅಂದರೆ ಪ್ರೊಪೆಲ್ಲರ್ ವೇಗವನ್ನು ಹೆಚ್ಚು ಇಳಿಸುವ, ಸಿ ಅಥವಾ ಇ ಗೇರ್‌ಬಾಕ್ಸ್ ಜೊತೆ, ಉದ್ದನೆಯ ಪ್ರೊಪೆಲ್ಲರ್ ಹಾಕಿ. ಕೊಳ್ಳುವ ಮೊದಲು ಮಾತ್ರ ಫ್ಲೋಟ್‌ಗೆ ಮರಳು ಹೇರಿ ಒಮ್ಮೆ ಎಳೆದು ನೋಡಿ. ತಕ್ಕಡಿ ಬೇಕಿದ್ದರೆ ನನ್ನದನ್ನೇ ಒಯ್ಯಬಹುದು.