ಮೊಣಕೈ ನೋವಿಗೆ ಆಕ್ಯುಪಂಕ್ಚರ್: ಸೂಜಿಗೆ ಮೊದಲು, ಸೂಜಿ ತೆಗೆದ ಮೇಲೆ

ದಿನವಿಡೀ ಮೌಸ್ ಹಿಡಿಯುವವರು, ಸ್ಕ್ರೂ ತಿರುಗಿಸುವವರು, ಗೋಡೆಗೆ ಬಣ್ಣ ಬಳಿಯುವವರು ಒಂದಲ್ಲ ಒಂದು ದಿನ ಮೊಣಕೈ ಹಿಡಿದುಕೊಂಡು ಕೂರುತ್ತಾರೆ. ಹೊರಬದಿಯ ಮೂಳೆಯ ಉಬ್ಬಿನ ಹತ್ತಿರ ಚುಳುಕ್ ಅನ್ನುತ್ತದೆ. ತುಂಬಿದ ಲೋಟ ಎತ್ತುವುದೂ ಕಷ್ಟ. ಇದು ಟೆನಿಸ್ ಎಲ್ಬೋ. ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುಗಳ ಬುಡದಲ್ಲಿರುವ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟಿಡುವ ಗಟ್ಟಿ ನಾರು) ಒಂದೇ ಕೆಲಸ ಮಾಡಿ ಮಾಡಿ ಸವೆದಿರುತ್ತದೆ. ಇದಕ್ಕೆ ಕೆಲವರು ಆಕ್ಯುಪಂಕ್ಚರ್, ಅಂದರೆ ಮೈಯ ಗೊತ್ತಾದ ಬಿಂದುಗಳಿಗೆ ಸಣ್ಣ ಸೂಜಿ ಚುಚ್ಚುವ ಚಿಕಿತ್ಸೆ ಮಾಡಿಸಿಕೊಳ್ಳುತ್ತಾರೆ.

ಮೊದಲು ನೋವು ಇದೇನಾ ಅಂತ ನೋಡಿಕೊಳ್ಳಿ. ಅಂಗೈ ಕೆಳಮುಖವಾಗಿ ಮುಂಗೈಯನ್ನು ಮೇಜಿನ ಮೇಲಿಡಿ. ಇನ್ನೊಂದು ಕೈಯಿಂದ ಹಸ್ತವನ್ನು ಒತ್ತಿ ಹಿಡಿದು, ಅದನ್ನು ಮೇಲೆತ್ತಲು ನೋಡಿ. ಮೊಣಕೈ ಹೊರಬದಿಯಲ್ಲೇ ನೋವು ಬಂದರೆ ಬಹುಶಃ ಇದೇ. ಆದರೆ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತಿದ್ದರೆ, ಕೀಲು ಊದಿ ಬಿಸಿಯಾಗಿದ್ದರೆ, ಬಿದ್ದ ಮೇಲೆ ನೋವು ಶುರುವಾಗಿದ್ದರೆ ಸೂಜಿಯ ಮಾತು ಬೇಡ. ನೇರ ಡಾಕ್ಟರ ಹತ್ತಿರ ಹೋಗಿ.

ಸೂಜಿ ಹಾಕಿಸಿಕೊಳ್ಳುವುದಾದರೆ ತರಬೇತಿ ಪಡೆದು ಪರವಾನಗಿ ಇರುವವರನ್ನೇ ಹುಡುಕಿ. ಒಂದೇ ಸಲ ಬಳಸಿ ಎಸೆಯುವ ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಒಡೆಯಬೇಕು. ಹಾಗೆ ಕೇಳಲು ಸಂಕೋಚ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಗರ್ಭಿಣಿಯಾಗಿದ್ದರೆ, ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ. ಸೂಜಿಗೆ ಸಣ್ಣ ಕರೆಂಟ್ ಕೊಡುವ ಪದ್ಧತಿ ಪೇಸ್‌ಮೇಕರ್ ಇದ್ದವರಿಗಲ್ಲ. ಹೆಬ್ಬೆರಳು–ತೋರುಬೆರಳ ನಡುವಿನ ‘ಹೆಗು’ ಬಿಂದುವನ್ನು ಗರ್ಭಿಣಿಯರಿಗೆ ಸಾಮಾನ್ಯವಾಗಿ ಚುಚ್ಚುವುದಿಲ್ಲ.

ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ತಲೆ ಸುತ್ತಬಹುದು. ಆದಷ್ಟು ಮಲಗಿಕೊಂಡೇ ಚುಚ್ಚಿಸಿಕೊಳ್ಳಿ. ಸೂಜಿಯ ದಪ್ಪ ಸುಮಾರು ಕಾಲು ಮಿಲಿಮೀಟರ್, ಇಂಜೆಕ್ಷನ್ ಸೂಜಿಗಿಂತ ತುಂಬಾ ಸಣ್ಣದು. ಮೊಣಕೈ ಮಡಿಸಿದಾಗ ಹೊರಗಡೆ ಗೆರೆ ಮುಗಿಯುವಲ್ಲಿ ‘ಚುಚಿ’ ಅನ್ನುವ ಬಿಂದು ಇದೆ. ಅದರಿಂದ ಮೂರು ಬೆರಳಗಲ ಕೆಳಗೆ ‘ಶೌಸಾನ್ಲಿ’. ಇವೆರಡರ ಜೊತೆಗೆ, ಒತ್ತಿದರೆ ಜಾಸ್ತಿ ನೋಯುವ ಜಾಗಕ್ಕೂ ಹಾಕುವುದುಂಟು. 15ರಿಂದ 30 ನಿಮಿಷ ಹಾಗೇ ಬಿಡುತ್ತಾರೆ. ಒಳಗೆ ಭಾರವಾದಂತೆ, ಮಂದವಾಗಿ ಎಳೆದಂತೆ ಆದರೆ ಗಾಬರಿ ಬೇಡ. ಕರೆಂಟ್ ಹೊಡೆದಂತೆ ಬೆರಳ ತನಕ ಜುಮ್ ಅಂದರೆ ಮಾತ್ರ ತಕ್ಷಣ ಹೇಳಿ, ಸೂಜಿ ನರದ ಹತ್ತಿರ ಹೋಗಿರಬಹುದು. ಬಿಂದುಗಳು ಗೊತ್ತಾದವು ಅಂತ ಮನೆಯಲ್ಲಿ ನೀವೇ ಚುಚ್ಚಿಕೊಳ್ಳಲು ಖಂಡಿತ ಹೋಗಬೇಡಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ನೋವು ಇಳಿದರೆ ವಾಸಿಯಾಯಿತು ಅಂತಲ್ಲ. 2002ರ ಕಾಕ್ರೇನ್ ವಿಮರ್ಶೆ (ಒಂದೇ ಚಿಕಿತ್ಸೆಯ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ಅಳೆದು ನೋಡುವ ವರದಿ) ಟೆನಿಸ್ ಎಲ್ಬೋಗೆ ಆಕ್ಯುಪಂಕ್ಚರ್ ಬಗೆಯ ಚಿಕಿತ್ಸೆ ಕೊಟ್ಟ 4 ಸಣ್ಣ ಅಧ್ಯಯನಗಳನ್ನು ನೋಡಿತ್ತು. ಒಂದರಲ್ಲಿ, ಒಮ್ಮೆ ಸೂಜಿ ಹಾಕಿಸಿಕೊಂಡವರಿಗೆ ಸರಾಸರಿ 20 ಗಂಟೆ ಆರಾಮ ಸಿಕ್ಕಿತ್ತು. ಹೋಲಿಕೆಗಾಗಿ ಸೂಜಿ ಹಾಕಿದಂತೆ ತೋರಿಸುವ ಸುಳ್ಳು ಚಿಕಿತ್ಸೆ ಪಡೆದವರಿಗೆ ಒಂದೂವರೆ ಗಂಟೆಯೂ ಇಲ್ಲ. ಆದರೆ 24 ಗಂಟೆ ದಾಟಿದ ಲಾಭವನ್ನು ಯಾವ ಅಧ್ಯಯನವೂ ತೋರಿಸಿರಲಿಲ್ಲ. ನನ್ನ ಮಟ್ಟಿಗೆ ಸೂಜಿಯ ಬೆಲೆ ಇರುವುದು ಈ ಬಿಡುವಿನಲ್ಲೇ. ಅದನ್ನು ವ್ಯಾಯಾಮಕ್ಕೆ ಬಳಸಿಕೊಳ್ಳಿ. ಸುಮ್ನೆ ಹಳೇ ಕೆಲಸಕ್ಕೇ ಮರಳಿದರೆ ಬಂದ ಲಾಭವೂ ಹೋಗುತ್ತದೆ, ಅಲ್ವಾ?

ಚುಚ್ಚಿಸಿಕೊಂಡ ದಿನ ಭಾರ ಎತ್ತಬೇಡಿ. ಸಣ್ಣ ನೀಲಿ ಕಲೆ ಕಂಡರೆ ತಾನೇ ಹೋಗುತ್ತದೆ. ಮರುದಿನ ಅಂಗೈ ಕೆಳಮುಖವಾಗಿ ಮುಂಗೈಯನ್ನು ಮೇಜಿನ ಮೇಲಿಟ್ಟು, ಹಸ್ತ ಅಂಚಿನಾಚೆ ಇರುವಂತೆ ಕುಳಿತು, ಅರ್ಧ ಕಿಲೋ ಭಾರ ಹಿಡಿಯಿರಿ. ಮೊದಲ ಕೆಲವು ದಿನ ಮಣಿಕಟ್ಟು ನೇರವಾಗಿಟ್ಟು 30 ಸೆಕೆಂಡ್ ಹಿಡಿದರೆ ಸಾಕು. ಅದು ಒಗ್ಗಿದ ಮೇಲೆ ಇನ್ನೊಂದು ಕೈಯ ಸಹಾಯದಿಂದ ಹಸ್ತ ಮೇಲೆತ್ತಿ. ಆ ಕೈ ಬಿಟ್ಟು ಮೂರು–ನಾಲ್ಕು ಸೆಕೆಂಡ್ ತೆಗೆದುಕೊಂಡು ನಿಧಾನ ಇಳಿಸಿ. 10ರಿಂದ 15 ಸಲ, ನಡುವೆ ಬಿಡುವು ಕೊಟ್ಟು ಮೂರು ಸುತ್ತು. ಸ್ವಲ್ಪ ನೋವು ಪರವಾಗಿಲ್ಲ. ಮರುದಿನ ಬೆಳಗ್ಗೆಯೂ ನೋವು ಹೆಚ್ಚೇ ಇದ್ದರೆ ಭಾರ ಕಡಿಮೆ ಮಾಡಿ. ಸ್ನಾಯುರಜ್ಜು ಗಟ್ಟಿಯಾಗಲು ವಾರಗಳಲ್ಲ, ತಿಂಗಳುಗಳೇ ಬೇಕು.

ವಾರಕ್ಕೆ ಒಂದೆರಡು ಸಲದಂತೆ ಆರು ಬಾರಿ ಸೂಜಿ ಹಾಕಿಸಿಕೊಂಡೂ ಏನೂ ಬದಲಾಗದಿದ್ದರೆ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಸ್ಟೀರಾಯ್ಡ್ ಇಂಜೆಕ್ಷನ್ ಮಾತು ಬಂದರೆ ಒಂದು ವರ್ಷದ ನಂತರದ ಫಲಿತಾಂಶ ಹೇಗಿರುತ್ತದೆ ಅಂತ ಕೇಳಿ. ಅದು ಬೇಗ ಆರಾಮ ಕೊಡುತ್ತದೆ, ಆದರೆ ನೋವು ಮರಳುವುದೂ ಜಾಸ್ತಿ.